ಕತ್ತರಿ ಹಿಡಿದವರು

ನಮ್ಮ ತಿರುನೆಲ್ಲಿ ಕಡೆಯ ಬದುಕನ್ನು ಕುರಿತ ಪಿ. ವತ್ಸಲಾ ಅವರ ‘ನೆಲ್ಲು’ ಕಾದಂಬರಿ 1974ರಲ್ಲಿ ಚಲನಚಿತ್ರವಾಯಿತು. ನಿರ್ದೇಶಕರು ರಾಮು ಕಾರ್ಯಾಟ್ ಎಂಬುದು ಹಳಬರಿಗೆ ಗೊತ್ತು. ಸಂಕಲನಕಾರರು ಯಾರೆಂದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಅವರು ಹೃಷಿಕೇಶ್ ಮುಖರ್ಜಿ, ಕಲ್ಕತ್ತೆಯವರು. ನ್ಯೂ ಥಿಯೇಟರ್ಸ್‌ನಲ್ಲಿ ಕೆಲಸ ಕಲಿತು ಬಿಮಲ್ ರಾಯ್ ಅವರೊಂದಿಗೆ ಮುಂಬಯಿ ಸೇರಿದರು. ‘ದೋ ಬಿಘಾ ಜಮೀನ್’ (1953), ‘ಮಧುಮತಿ’ (1958) ಚಿತ್ರಗಳಿಗೆ ಕತ್ತರಿ ಹಿಡಿದರು. ಕಾರ್ಯಾಟರ ‘ಚೆಮ್ಮೀನ್’ (1965) ಸಂಕಲನವೂ ಅವರದೇ. 1971ರ ‘ಆನಂದ್’ ನಿರ್ದೇಶಿಸಿ ದೇಶವೆಲ್ಲ ಹೆಸರಾದ ಮೇಲೂ ನಮ್ಮ ಗದ್ದೆಬಯಲಿನ ಕಥೆಗಾಗಿ ಮತ್ತೆ ಸಂಕಲನದ ಮೇಜಿಗೆ ಕುಳಿತರಲ್ಲ, ಅದು ದೊಡ್ಡತನ. ಮಲಯಾಳವೇನೂ ಅವರ ಮನೆಮಾತಲ್ಲ.

ಆಗಿನ ಕೆಲಸ ಸುಲಭದ್ದಲ್ಲ. ಒಂದು ನಿಮಿಷದ ದೃಶ್ಯಕ್ಕೆ 90 ಅಡಿ ಫಿಲಂ. ಧ್ವನಿಯ ಸುರುಳಿ ಬೇರೆ. ಕ್ಲಾಪ್ ಹಲಗೆಯ ಗುರುತು ಹಿಡಿದು ಎರಡನ್ನೂ ಹೊಂದಿಸಬೇಕು. ಪ್ರತಿ ತುಂಡಿಗೂ ನಂಬರು, ಪುಸ್ತಕದಲ್ಲಿ ನಮೂದು. ಲೆಡ್ಜರ್ ಬರೆದೇ ಆಯುಸ್ಸು ಸವೆಸಿದ ನನ್ನಂಥವನಿಗೆ ಈ ಭಾಗ ಬಲು ಇಷ್ಟ! ಆದರೆ ಅಳುವ ಮುಖವನ್ನು ಇನ್ನೆಷ್ಟು ಹೊತ್ತು ತೋರಿಸಬೇಕೆಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ನಮ್ಮ ನಾಡಿನ ಮುಖ ಹೊರಗಿನವರಿಗೆ ಹೇಗೆ ಕಂಡಿತೆಂಬುದು ಆ ತೀರ್ಮಾನದ ಮೇಲೂ ನಿಂತಿತ್ತು.

ಕನ್ನಡಕ್ಕೂ ಹೀಗೆ ಹೊರಗಿನ ಕೈಗಳು ನೆರವಾಗಿವೆ. ‘ಪಲ್ಲವಿ ಅನುಪಲ್ಲವಿ’ (1983) ಸಂಕಲನ ತಮಿಳಿನ ಬಿ. ಲೆನಿನ್ ಅವರದು. ಅದೇ ನಿರ್ದೇಶಕ ಮಣಿರತ್ನಂ ಅವರ ತಮಿಳು ‘ಬಾಂಬೆ’ (1995) ಚಿತ್ರಕ್ಕೆ ಸಂಕಲನದ ರಾಷ್ಟ್ರಪ್ರಶಸ್ತಿ ತಂದವರು ನಮ್ಮ ಸುರೇಶ್ ಅರಸ್.