ಮಾಚು ಪಿಚ್ಚುಗೆ ಹೊರಟಿದ್ದೀರಾ? ಟಿಕೆಟ್ ಹಿಂದಿನ ರಾಜಕೀಯವನ್ನೂ ತಿಳ್ಕೊಂಡಿರಿ

ಪೆರು ದೇಶದ ಮಾಚು ಪಿಚ್ಚು ನೋಡೋಕೆ ಮೂರು ಟಿಕೆಟ್ ಬೇಕು: ಪ್ರವೇಶದ್ದು, ರೈಲಿಂದು, ಬಸ್ಸಿಂದು. ಮೂರೂ ಯಾರ ಕೈಯಲ್ಲಿರಬೇಕು, ಅದರ ದುಡ್ಡು ಯಾರಿಗೆ ಸೇರಬೇಕು ಅನ್ನೋದರ ಬಗ್ಗೆ ಅಲ್ಲಿ ವರ್ಷಗಳಿಂದ ಜಗಳ ನಡೀತಿದೆ. ಟ್ರಾವೆಲ್ ವ್ಲಾಗ್‌ಗಳಲ್ಲಿ ಇದು 'ಸ್ಟ್ರೈಕ್‌ನಿಂದ ನಮಗೆ ತೊಂದರೆ ಆಯ್ತು' ಅನ್ನೋ ಒಂದು ಸಾಲಾಗಿ ಮುಗಿದುಹೋಗುತ್ತೆ. ಆದರೆ ಈ ಜಗಳ ಅರ್ಥವಾಗದಿದ್ದರೆ ಪ್ರವಾಸದ ಪ್ಲಾನ್ ಕೂಡ ಸರಿಯಾಗಿ ಆಗಲ್ಲ.

ಅಲ್ಲಿ ಇರೋದೇನು?

15ನೇ ಶತಮಾನದಲ್ಲಿ ಇಂಕಾ ದೊರೆ ಪಚಾಕುತಿಯ ಕಾಲದಲ್ಲಿ ಕಟ್ಟಿದ ಊರು. ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ, ಎರಡು ಶಿಖರಗಳ ನಡುವಿನ ಏಣಿನ ಮೇಲಿದೆ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುವ ಇಂಥ ಕಡಿದಾದ ಜಾಗದಲ್ಲಿ ಊರು ಜಾರದೆ ನಿಂತಿರೋದು ಮೆಟ್ಟಿಲು ಗದ್ದೆಗಳು ಮತ್ತು ಅವುಗಳ ಕೆಳಗೆ ಹಾಸಿದ ಜಲ್ಲಿ ಪದರಗಳಿಂದ. ಕಟ್ಟುವ ಶ್ರಮದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕಣ್ಣಿಗೆ ಕಾಣದ ನೆಲದಡಿಯಲ್ಲೇ ಇದೆ ಎಂಬುದು ಅಲ್ಲಿನ ನೀರಿನ ವ್ಯವಸ್ಥೆಯನ್ನು ಅಧ್ಯಯನ ಮಾಡಿದ ಎಂಜಿನಿಯರ್ ಕೆನೆತ್ ರೈಟ್ ಅವರ ಅಂದಾಜು.

1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಇದನ್ನು 'ಕಂಡುಹಿಡಿದ' ಅಂತ ಓದಿರ್ತೀರಿ. ಆತ ಹೋದಾಗ ರೈತ ಕುಟುಂಬಗಳು ಅಲ್ಲೇ ಉಳುಮೆ ಮಾಡ್ತಿದ್ದವು. ಅಗುಸ್ತಿನ್ ಲಿಸಾರಗಾ ಎಂಬ ಸ್ಥಳೀಯ 1902ರಲ್ಲೇ ಗೋಡೆ ಮೇಲೆ ತನ್ನ ಹೆಸರು ಬರೆದು ಹೋಗಿದ್ದ. ಬಿಂಗಮ್ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ಸಾವಿರಾರು ವಸ್ತುಗಳು ಪೆರುವಿಗೆ ವಾಪಸ್ ಬಂದದ್ದು ಸುಮಾರು ನೂರು ವರ್ಷಗಳ ನಂತರ, 2011-12ರಲ್ಲಿ. ಅವನ್ನು ಕುಸ್ಕೊ ನಗರದ ಕಾಸಾ ಕಾಂಚಾ ಮ್ಯೂಸಿಯಂನಲ್ಲಿ ನೋಡಬಹುದು. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಬೆಟ್ಟ ಹತ್ತಿ.

ಯಾವಾಗ, ಹೇಗೆ?

ಮೇ-ಸೆಪ್ಟೆಂಬರ್ ಒಣ ಕಾಲ. ಜೂನ್-ಆಗಸ್ಟ್‌ನಲ್ಲಿ ಜನ ಜಾಸ್ತಿ. ನವೆಂಬರ್-ಮಾರ್ಚ್ ಮಳೆಗಾಲ. 2010ರ ಜನವರಿಯಲ್ಲಿ ಪ್ರವಾಹಕ್ಕೆ ರೈಲು ಹಳಿ ಕೊಚ್ಚಿಹೋಗಿ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದರು.

ಭಾರತದಿಂದ ನೇರ ವಿಮಾನ ಇಲ್ಲ. ಯೂರೋಪ್ ಅಥವಾ ಅಮೆರಿಕದ ಮೂಲಕ ಲಿಮಾ, ಅಲ್ಲಿಂದ ಕುಸ್ಕೊ. ಭಾರತೀಯರಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಇದ್ದು, ಅದರ ಅವಧಿ ಕನಿಷ್ಠ 6 ತಿಂಗಳು ಉಳಿದಿದ್ದರೆ ವಿನಾಯಿತಿ ಇದೆ. ಹೊರಡೋ ಮುಂಚೆ ರಾಯಭಾರ ಕಚೇರಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಕುಸ್ಕೊ ಇರೋದು ಸುಮಾರು 3,400 ಮೀಟರ್‌ನಲ್ಲಿ, ಅಂದರೆ ಮಾಚು ಪಿಚ್ಚುಗಿಂತ ಹೆಚ್ಚುಕಡಿಮೆ 1,000 ಮೀಟರ್ ಮೇಲೆ. ಹಾಗಾಗಿ ತಲೆನೋವು, ವಾಕರಿಕೆ ಬರೋದು ಕುಸ್ಕೊದಲ್ಲೇ. ಇಳಿದ ದಿನವೇ ಕೆಳಗಿನ ಒಯಾಂತಾಯ್‌ತಾಂಬೊಗೆ ಹೋಗಿ ಎರಡು ದಿನ ಸುಧಾರಿಸಿಕೊಳ್ಳಿ. ಅಲ್ಲಿ ಕೋಕಾ ಎಲೆಯ ಚಹಾ ಕೊಡ್ತಾರೆ, ಅದು ಅಲ್ಲಿ ಕಾನೂನುಬದ್ಧ. ಎಲೆಯನ್ನು ಬ್ಯಾಗಿಗೆ ಹಾಕ್ಕೊಂಡು ಬರಬೇಡಿ; ನಮ್ಮ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಅಪರಾಧ.

ಪ್ರವೇಶ ಟಿಕೆಟ್

2024ರಿಂದ ದಿನಕ್ಕೆ 4,500 ಜನರಿಗೆ ಪ್ರವೇಶ, ಕೆಲವು ದಿನ ಮಾತ್ರ 5,600. ಒಳಗೆ ಮೂರು ಸರ್ಕ್ಯೂಟ್‌ಗಳಿವೆ. ಒಂದನೆಯದು ಮೇಲಿಂದ ಕಾಣುವ ನೋಟ, ಎರಡನೆಯದು ಊರಿನ ನಡುವೆ ಹಾಯುತ್ತೆ, ಮೂರನೆಯದು ಕೆಳಭಾಗ. ಎಲ್ಲರಿಗೂ ಬೇಕಿರೋದು ಎರಡನೆಯದು, ಮೊದಲು ಖಾಲಿಯಾಗೋದೂ ಅದೇ. ವಿದೇಶಿಯರಿಗೆ ಸಾಮಾನ್ಯ ದರ 152 ಸೋಲ್, ಪೆರುವಿನವರಿಗೆ 64. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡಲ್ಲ.

2024ರ ಜನವರಿಯಲ್ಲಿ ಸರ್ಕಾರ ಟಿಕೆಟ್ ಮಾರಾಟವನ್ನು ಹೊಯ್ನುಸ್ ಎಂಬ ಖಾಸಗಿ ಕಂಪನಿಗೆ ಕೊಟ್ಟಿತು. ಇದು ಹಿಂಬಾಗಿಲ ಖಾಸಗೀಕರಣ ಎಂದು ಬೆಟ್ಟದ ತಪ್ಪಲಿನ ಊರಿನವರು ಬೀದಿಗಿಳಿದರು, ರೈಲು ನಿಂತಿತು. ಸುಮಾರು ಒಂದು ವಾರದ ನಂತರ ಸರ್ಕಾರ ಮಣಿಯಿತು. ತಪ್ಪಲಿನ ಊರಿನ ಕೌಂಟರ್‌ನಲ್ಲಿ ಮಾರೋಕೆ ದಿನಕ್ಕೆ 1,000 ಟಿಕೆಟ್ ಮೀಸಲಾಗಿವೆ. ಕ್ಯೂ ನಿಲ್ಲೋರು ಒಂದೆರಡು ರಾತ್ರಿ ಅಲ್ಲೇ ಉಳೀತಾರೆ, ಅಲ್ಲೇ ಊಟ ಮಾಡ್ತಾರೆ. ಊರಿಗೆ ಬೇಕಿರೋದೂ ಅದೇ.

ರೈಲು ಮತ್ತು ಬಸ್ಸು

ಕುಸ್ಕೊದಿಂದ ತಪ್ಪಲಿನ ಆಗ್ವಾಸ್ ಕಾಲಿಯೆಂತೆಸ್‌ವರೆಗೆ ನೇರ ರಸ್ತೆ ಇಲ್ಲ. ರೈಲು ಓಡಿಸೋದು ಪೆರುರೈಲ್ ಮತ್ತು ಇಂಕಾ ರೈಲ್ ಎಂಬ ಎರಡು ಖಾಸಗಿ ಕಂಪನಿಗಳು. ಸ್ಥಳೀಯರಿಗೆ ಕಡಿಮೆ ದರದ ಬೇರೆ ರೈಲಿದೆ, ಅದಕ್ಕೆ ವಿದೇಶಿ ಪ್ರವಾಸಿಗರು ಹತ್ತುವಂತಿಲ್ಲ. ಇಡೀ ಮಾರ್ಗದ ಐಷಾರಾಮಿ ರೈಲಿಗೆ ಇಟ್ಟ ಹೆಸರು? ಹೈರಮ್ ಬಿಂಗಮ್! ಕಡಿಮೆ ಖರ್ಚಿನ ದಾರಿ ಬೇಕಿದ್ದವರು ಇದ್ರೋಎಲೆಕ್ತ್ರಿಕಾವರೆಗೆ ವ್ಯಾನ್‌ನಲ್ಲಿ ಹೋಗಿ, ಹಳಿ ಪಕ್ಕ ಸುಮಾರು 10 ಕಿಲೋಮೀಟರ್ ನಡೀತಾರೆ.

ಅಲ್ಲಿಂದ ಮೇಲಕ್ಕೆ ಬಸ್ಸು. 30 ವರ್ಷ ಒಂದೇ ಕಂಪನಿಯ ಕೈಯಲ್ಲಿದ್ದ ಈ ಮಾರ್ಗದ ಪರವಾನಗಿ 2025ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದೆ ಯಾರು ಎಂಬ ಜಗಳದಲ್ಲಿ ಹಳಿ ಮೇಲೆ ಕಲ್ಲು, ಮರದ ದಿಮ್ಮಿಗಳು ಬಿದ್ದವು. ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ತೆರವು ಮಾಡಬೇಕಾಯಿತು. ಬಸ್ಸು ಬೇಡ ಅನ್ನೋರಿಗೆ ಮೆಟ್ಟಿಲುಗಳಿವೆ, ಪುಕ್ಕಟೆ.

ಇಂಕಾ ಟ್ರೇಲ್

ನಾಲ್ಕು ದಿನ, ಸುಮಾರು 42 ಕಿಲೋಮೀಟರ್, 4,200 ಮೀಟರ್ ದಾಟುವ ಒಂದು ಕಣಿವೆದಾರಿ. ಫೆಬ್ರವರಿಯಲ್ಲಿ ಮುಚ್ಚಿರುತ್ತೆ. ದಿನಕ್ಕೆ 500 ಜನರಿಗಷ್ಟೇ ಪರ್ಮಿಟ್. ಅದರಲ್ಲಿ ಪ್ರವಾಸಿಗರು ಸುಮಾರು 200, ಉಳಿದವರು ಹೊರೆಯಾಳು, ಅಡುಗೆಯವರು, ಗೈಡ್‌ಗಳು. ಹೊರೆಯಾಳುಗಳು ಬಹುತೇಕ ಕೆಚುವಾ ಭಾಷೆಯ ರೈತರು. ಒಬ್ಬರಿಗೆ 20 ಕಿಲೋ ಮಿತಿ ಎಂದು ಕಾನೂನಿದೆ. ಅದನ್ನು ಪಾಲಿಸೋದು ಏಜೆನ್ಸಿ ಮೇಲೆ ಬಿಟ್ಟಿದ್ದು. ಹಾಗಾಗಿ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಹೊರೆ ಎಷ್ಟು, ದಿನದ ಕೂಲಿ ಎಷ್ಟು, ಅವರು ಮಲಗೋದು ಎಲ್ಲಿ? ಉತ್ತರ ತಡವರಿಸಿದರೆ ಬೇರೆ ಏಜೆನ್ಸಿ ನೋಡಿ.

ಪ್ಲಾನ್ ಹೀಗಿರಲಿ

- ಮೊದಲು ಪ್ರವೇಶ ಟಿಕೆಟ್, ಆಮೇಲೆ ರೈಲು, ಕೊನೆಗೆ ಹೋಟೆಲ್. ಟ್ರೇಲ್ ಆದರೆ ತಿಂಗಳುಗಟ್ಟಲೆ ಮುಂಚೆ.
- ವಾಪಸ್ ವಿಮಾನಕ್ಕೆ ಮುಂಚೆ ಎರಡು ದಿನ ಖಾಲಿ ಇಡಿ. 2023ರ ಆರಂಭದಲ್ಲಿ ಸುಮಾರು 50 ಜೀವ ಬಲಿಯಾದ ಸರ್ಕಾರ ವಿರೋಧಿ ಹೋರಾಟದ ವೇಳೆ ಮಾಚು ಪಿಚ್ಚು ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಿತ್ತು.
- ರೈಲಿನ ದುಡ್ಡು ಕಂಪನಿಗೆ ಹೋಗೇ ಹೋಗುತ್ತೆ. ಊಟ, ವಸತಿ, ಗೈಡ್ ಮಾತ್ರ ನಿಮ್ಮ ಆಯ್ಕೆ. ಅದನ್ನು ಊರಿನವರಿಗೇ ಕೊಡಿ.
- ದಾರಿ ತಡೆದಿದ್ದರೆ ಬೈಯೋ ಮುಂಚೆ ಅವರ ಬೇಡಿಕೆ ಏನು ಅಂತ ಕೇಳಿ. ಬೆಟ್ಟದ ಮೇಲಿನ ಗೋಡೆ ಕಟ್ಟಿದ ಜನರ ವಂಶದವರು ಹಳಿ ಮೇಲೆ ಕೂತವರಲ್ಲೂ ಇರ್ತಾರೆ.