ಬೀಡಿ ಬಿಡಿಸುವ ಕೆಲಸ ಯಾರದು?

ಗಂಡಸಿನ ಬೀಡಿ ಬಿಡಿಸಬೇಕಾದರೆ ಹೆಂಡತಿಯನ್ನು ಹಿಡಿಯಬೇಕು ಎಂಬ ಮಾತು ಆರೋಗ್ಯ ಇಲಾಖೆಯ ಭಾಷಣಗಳಲ್ಲೂ ಊರ ಕಟ್ಟೆಯ ಹರಟೆಯಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಅಫಜಲಪುರ ತಾಲ್ಲೂಕಿನ ಅತನೂರಕ್ಕಾಗಲಿ, ಸುತ್ತಲಿನ ಆಳಂದ, ಜೇವರ್ಗಿ ಸೀಮೆಯ ಹಳ್ಳಿಗಳಿಗಾಗಲಿ ಇದು ಹೊಸದಲ್ಲ. ಗಂಡ ಕೆಮ್ಮತೊಡಗಿದರೆ “ನೀನರ ಒಂದೀಟು ಹೇಳಬಾರದೇನವ್ವಾ” ಎಂದು ಅತ್ತೆ, ನೆರೆಯವರು, ದವಾಖಾನೆಯವರು ಎಲ್ಲರೂ ಆಕೆಯ ಕಡೆಗೇ ತಿರುಗುತ್ತಾರೆ. ಈ ನಂಬಿಕೆಯನ್ನು ಕಳೆದ ನಾಲ್ಕು ದಶಕಗಳಲ್ಲಿ ವಿಜ್ಞಾನಿಗಳು ಪರೀಕ್ಷೆಗೆ ಒಡ್ಡಿದ್ದಾರೆ. ಅವರ ಬರಹಗಳನ್ನು ಸಾಲಾಗಿ ಓದಿದವರಿಗೆ ಎರಡು ಸಂಗತಿಗಳು ಎದುರಾಗುತ್ತವೆ. ಬೀಡಿ ಸಿಗರೇಟು ಬಿಡುವವರ ಮೇಲೆ ಬಾಳಸಂಗಾತಿಯ ಪ್ರಭಾವ ಬಹಳ ದೊಡ್ಡದು. ಆದರೆ ಅದೇ ಸಂಗಾತಿಗೆ ಪಾಠ ಹೇಳಿಕೊಟ್ಟು ಚಟ ಬಿಡಿಸಲು ಹಚ್ಚಿದರೆ ಸಿಗುವ ಫಲ ಬಹುಮಟ್ಟಿಗೆ ಸೊನ್ನೆ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ವಿಚಾರಿಸಿದರೆ, ಹೆಂಡತಿಗೆ ನಾವು ಹೊರಿಸಿರುವ ಕೆಲಸವೇ ತಪ್ಪು ಎಂಬಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ.

ಈ ಕ್ಷೇತ್ರಕ್ಕೆ ಹೆಂಡತಿ ಮೊದಲು ಬಂದದ್ದು ನೆರವಿಗೆ ನಿಂತವಳಾಗಿ ಅಲ್ಲ, ಹೊಗೆಯ ಪೆಟ್ಟು ತಿಂದವಳಾಗಿ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ, ತಾವು ಸಿಗರೇಟು ಮುಟ್ಟದ 91,540 ಗೃಹಿಣಿಯರನ್ನು ಹದಿನಾಲ್ಕು ವರ್ಷ ಹಿಂಬಾಲಿಸಿ ನೋಡಿದ ಫಲಿತಾಂಶವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಏರುತ್ತಿತ್ತು. ತಂಬಾಕು ಕಂಪನಿಗಳು ಇದನ್ನು ಅಲ್ಲಗಳೆಯಲು ಸಾಕಷ್ಟು ಹಣ ಸುರಿದವು, ಆದರೆ ಮುಂದಿನ ಅಧ್ಯಯನಗಳು ಹಿರಾಯಾಮಾ ಮಾತನ್ನೇ ಎತ್ತಿಹಿಡಿದವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಡ್ವರ್ಡ್ ಲಿಕ್ಟೆನ್‌ಸ್ಟೈನ್, ರಾಬಿನ್ ಮರ್ಮೆಲ್‌ಸ್ಟೈನ್, ಶೆಲ್ಡನ್ ಕೋಹೆನ್ ಮೊದಲಾದ ಮನಃಶಾಸ್ತ್ರಜ್ಞರು ಬೇರೊಂದು ಪ್ರಶ್ನೆ ಹಿಡಿದರು. ಚಿಕಿತ್ಸಾ ಶಿಬಿರದಲ್ಲಿ ಸಿಗರೇಟು ಬಿಟ್ಟವರಲ್ಲಿ ಕೆಲವರು ಹಾಗೇ ಉಳಿದು, ಉಳಿದವರು ಮತ್ತೆ ಶುರು ಮಾಡುವುದು ಏಕೆ? 1983 ಮತ್ತು 1986ರ ಅವರ ವರದಿಗಳ ಪ್ರಕಾರ ಮೊದಮೊದಲು ಬಿಡಲು, ಕೆಲವು ವಾರ ತಡೆದುಕೊಳ್ಳಲು ಮನೆಯವರ ಬೆಂಬಲ ನೆರವಾಗುತ್ತದೆ. ದೀರ್ಘಕಾಲದ ಮಾತು ಬಂದಾಗ ಮಾತ್ರ ಸುತ್ತಲಿನ ಒಡನಾಡಿಗಳಲ್ಲಿ ಸೇದುವವರು ಎಷ್ಟು ಮಂದಿ ಎಂಬುದೇ ಮುಖ್ಯವಾಗುತ್ತದೆ. ಹೊಲದಲ್ಲಿ, ಅಗಸಿಯ ಕಟ್ಟೆಯಲ್ಲಿ, ಪಾನ್‌ಪಟ್ಟಿಯ ಮುಂದೆ ದಿನ ಕಳೆಯುವ ಗಂಡಸಿನ ವಿಷಯದಲ್ಲಿ ಈ ಎರಡನೆಯ ಮಾತು ನೆನಪಿನಲ್ಲಿಡಬೇಕಾದದ್ದು.

ಬೆಂಬಲ ಇದ್ದವರು ಗೆಲ್ಲುತ್ತಾರೆ ಎಂದಾದರೆ ಬೆಂಬಲ ಇಲ್ಲದ ಕಡೆ ಅದನ್ನು ಕಲಿಸೋಣ ಎಂದು ಸಂಶೋಧಕರು ಹೊರಟದ್ದು ಸಹಜವೇ. ಗಂಡ ಅಥವಾ ಹೆಂಡತಿಯನ್ನು ತರಗತಿಗೆ ಕರೆದು, ಹೊಗಳುವುದು ಹೇಗೆ, ಹಂಗಿಸದೆ ಇರುವುದು ಹೇಗೆ ಎಂದು ಹೇಳಿಕೊಟ್ಟರು, ಕೈಪಿಡಿ ಕೊಟ್ಟರು, ಫೋನಿನಲ್ಲಿ ವಿಚಾರಿಸಿದರು. ತರಬೇತಿ ಮುಗಿಯುವ ಹೊತ್ತಿಗೆ ಒಂದಿಷ್ಟು ಅಂತರ ಕಂಡಂತಾದರೂ ತಿಂಗಳುಗಳು ಉರುಳಿದಂತೆ ಅದು ಕರಗುತ್ತಿತ್ತು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ತೂಗುವ ಕಾಕ್ರೇನ್ ಸಮೀಕ್ಷೆ ಹಲವು ಸಲ ಪರಿಷ್ಕಾರಗೊಂಡಿದೆ. 2018ರ ಆವೃತ್ತಿ 14 ಪ್ರಯೋಗಗಳ 3,370 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಸಂಗಾತಿಯನ್ನು ಸೇರಿಸಿಕೊಂಡ ಗುಂಪಿಗೂ ಸೇರಿಸಿಕೊಳ್ಳದ ಗುಂಪಿಗೂ ಆರು ತಿಂಗಳಲ್ಲಾಗಲಿ ವರ್ಷದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಈ ಸಾಲನ್ನು ಓದಿ ಪುಸ್ತಕ ಮುಚ್ಚಿದವರು, ಚಟ ಒಬ್ಬನ ಮೈಯೊಳಗಿನ ನಿಕೋಟಿನ್ ವ್ಯವಹಾರ, ಔಷಧಿ ಮತ್ತು ಅವನ ಛಲವಷ್ಟೇ ಸಾಕು, ಮನೆಯವರನ್ನು ಎಳೆತರುವುದು ವ್ಯರ್ಥ ಎನ್ನುತ್ತಾರೆ. ಅವಸರದ ತೀರ್ಮಾನವಿದು. ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಬಹುತೇಕ ಪ್ರಯೋಗಗಳಲ್ಲಿ ಸಂಗಾತಿಯ ಬೆಂಬಲವೇ ಅಳತೆಗೆ ಸಿಗುವಷ್ಟು ಹೆಚ್ಚಾಗಿರಲಿಲ್ಲ. ಅಂದರೆ ಸೋತದ್ದು ಬೆಂಬಲವಲ್ಲ, ಬೆಂಬಲವನ್ನು ಪಾಠದಿಂದ ಹುಟ್ಟಿಸಬಹುದು ಎಂಬ ಎಣಿಕೆ.

ಆ ಎಣಿಕೆ ಏಕೆ ಸೋತಿತು ಎಂಬುದಕ್ಕೆ ಅರಿಜೋನಾದ ವರ್ದಾ ಶೋಹಮ್ ಮತ್ತು ಮೈಕೆಲ್ ರೋರ್‌ಬಾ ಕೊಟ್ಟ ಉತ್ತರ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಸೇದುವುದು ದಾಂಪತ್ಯದ ಹೊರಗೆ ನಡೆಯುವ ಸಂಗತಿಯಲ್ಲ. ಜೋಡಿಯ ಜಗಳ, ಮೌನ, ವಿರಾಮ, ಸಲಿಗೆ ಎಲ್ಲದರಲ್ಲೂ ಅದು ಹೆಣೆದುಕೊಂಡಿರುತ್ತದೆ. ಆಕೆ ಬೈದಷ್ಟೂ ಈತ ಹೊರಗೆ ಹೋಗಿ ಸೇದುತ್ತಾನೆ, ಈತ ಸೇದಿದಷ್ಟೂ ಆಕೆ ಬೈಯುತ್ತಾಳೆ. ಇಬ್ಬರೂ ಸೇದುವ ಮನೆಗಳಲ್ಲಂತೂ ಹೊಗೆಯೇ ಒಟ್ಟಿಗೆ ಕೂರಲು ನೆಪ. ನಿಕೋಟಿನ್ ನಿಂತ ಮೊದಲ ವಾರದಲ್ಲಿ ಸಿಡುಕು, ನಿದ್ದೆಗೇಡು, ಚಡಪಡಿಕೆ ತಾರಕಕ್ಕೇರಿ ಎರಡು ಮೂರು ವಾರಗಳಲ್ಲಿ ಇಳಿಯುತ್ತವೆ. ಆ ಅವಧಿಯಲ್ಲಿ ಎದುರಿಗೆ ಸಿಗುವವಳು ಹೆಂಡತಿಯೇ. “ಈ ಮನಷ್ಯಾ ಬೀಡಿ ಸೇದಿದ್ರನ ಛಲೋ” ಎಂದು ಆಕೆಗೇ ಅನ್ನಿಸಿಬಿಡುವ ಹೊತ್ತದು. ಶೋಹಮ್ ತಂಡ ಹೆಂಡತಿಯನ್ನು ಸಹಾಯಕಿಯನ್ನಾಗಿ ತಯಾರು ಮಾಡಲಿಲ್ಲ, ಜೋಡಿಯನ್ನೇ ಕೂರಿಸಿಕೊಂಡು ಈ ಸುತ್ತನ್ನು ಎಲ್ಲಿ ಕಡಿಯಬಹುದು ಎಂದು ನೋಡಿತು. 2006ರಲ್ಲಿ ವರದಿಯಾದ ಇಪ್ಪತ್ತು ಜೋಡಿಗಳ ಪ್ರಯತ್ನದಲ್ಲಿ ಸೇದುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಕನಿಷ್ಠ ಆರು ತಿಂಗಳು ಬಿಟ್ಟಿದ್ದರು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಇದನ್ನು ಪುರಾವೆ ಎನ್ನುವಂತಿಲ್ಲ, ದಿಕ್ಕು ಎನ್ನಬಹುದು.

ದಿಕ್ಕನ್ನು ಗಟ್ಟಿಗೊಳಿಸಿದ್ದು ದೊಡ್ಡ ಅಂಕಿಅಂಶಗಳು. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 2008ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 12,067 ಜನರ ಮೂವತ್ತೆರಡು ವರ್ಷಗಳ ದಾಖಲೆ ಜಾಲಾಡಿದರು. ಸಂಗಾತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ 67ರಷ್ಟು ತಗ್ಗುತ್ತಿತ್ತು, ಒಡಹುಟ್ಟಿದವರು ಬಿಟ್ಟಾಗ ಶೇ 25ರಷ್ಟು ಮಾತ್ರ. ಇಂಗ್ಲೆಂಡಿನ ಹಿರಿಯ ನಾಗರಿಕರ 3,722 ಜೋಡಿಗಳನ್ನು ನೋಡಿದ 2015ರ ಅಧ್ಯಯನ ಇನ್ನೂ ಕುತೂಹಲದ್ದು. ಗಂಡ ಸೇದುತ್ತಲೇ ಇದ್ದರೆ ಸೇದುವ ಹೆಂಗಸರಲ್ಲಿ ಶೇ 8 ಮಂದಿ ಬಿಟ್ಟರು. ಗಂಡ ಮೊದಲಿನಿಂದಲೂ ಸೇದದವನಾಗಿದ್ದರೆ ಶೇ 17. ಗಂಡನೂ ಅದೇ ಹೊತ್ತಿಗೆ ಬಿಟ್ಟರೆ ಶೇ 50. ಮೊದಲೇ ಸೇದದ ಸಂಗಾತಿ ಇದ್ದಾಗ ಬಿಟ್ಟವರ ಪ್ರಮಾಣ, ಜೊತೆಗೇ ಬಿಡುವ ಸಂಗಾತಿ ಇದ್ದಾಗಿನದರ ಸುಮಾರು ಮೂರನೆಯ ಒಂದು ಪಾಲು. ಒಂದೇ ಸ್ವಭಾವದವರು ಒಬ್ಬರನ್ನೊಬ್ಬರು ಮದುವೆಯಾಗಿರುತ್ತಾರೆ, ಅದರಿಂದಲೇ ಈ ಅಂಕಿ ಎಂಬ ಆಕ್ಷೇಪ ಇದೆ. ಸ್ವಲ್ಪಮಟ್ಟಿಗೆ ಸರಿಯೇ. ಆದರೆ ಸ್ವಭಾವ ಒಂದೇ ಎಂಬುದರಿಂದ ಇಬ್ಬರೂ ಒಂದೇ ಕಾಲಕ್ಕೆ ಬಿಟ್ಟದ್ದು ವಿವರಣೆಯಾಗುವುದಿಲ್ಲ.

ನಮ್ಮ ಹಳ್ಳಿಗಳಿಗೆ ಹತ್ತಿರದ ಪುರಾವೆ ಬಂದದ್ದು ಕೇರಳದಿಂದ. ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಮತ್ತು ತಿರುವನಂತಪುರದ ಕೆ. ಆರ್. ತಂಕಪ್ಪನ್ ತಂಡ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಸೇದುವ ಗಂಡಸರಲ್ಲಿ ಶೇ 70ರಿಂದ 80 ಮಂದಿ ಮನೆಯೊಳಗೇ ಸೇದುತ್ತಿದ್ದರು. ಶೇ 80ಕ್ಕೂ ಹೆಚ್ಚು ಹೆಂಗಸರು ‘ಒಳಗೆ ಸೇದಬೇಡ’ ಎಂದು ಆಗಲೇ ಹೇಳಿದ್ದರು, ಹೇಳಿ ಸೋತಿದ್ದರು. ಅಂದರೆ ಹೆಂಡತಿ ಹೇಳಲಿ ಎಂಬ ನಮ್ಮ ಉಪದೇಶ ಆಗಲೇ ಪಾಲನೆಯಾಗಿ ಮುಗಿದ ಕಥೆ. ತಂಡ ಆಕೆಗೆ ಇನ್ನಷ್ಟು ಹೇಳಲು ಕಲಿಸಲಿಲ್ಲ. ಸಭೆ ಸೇರಿಸಿ ಹೊಗೆಯ ಕೇಡು ವಿವರಿಸಿ, ನಮ್ಮ ಊರಿನ ಮನೆಗಳು ಹೊಗೆಮುಕ್ತ ಎಂಬ ಘೋಷಣೆಗೆ ಊರ ಮುಖಂಡರಿಂದ ಸಹಿ ಹಾಕಿಸಿತು. ಆರು ತಿಂಗಳ ನಂತರ, ಊರಿನಿಂದ ಊರಿಗೆ ವ್ಯತ್ಯಾಸವಿದ್ದರೂ, ಸೇದುವವರಲ್ಲಿ ಶೇ 34ರಿಂದ 59 ಮಂದಿ ಮನೆಯೊಳಗೆ ಸೇದುವುದನ್ನು ನಿಲ್ಲಿಸಿದ್ದರು. ಇಲ್ಲೊಂದು ಸೋಜಿಗ ಗಮನಿಸಬೇಕು. ಸಂಗಾತಿಯ ನಡವಳಿಕೆ ಅಳೆಯಲು ಕೋಹೆನ್ ಮತ್ತು ಲಿಕ್ಟೆನ್‌ಸ್ಟೈನ್ 1990ರಲ್ಲಿ ಅಂತಿಮಗೊಳಿಸಿದ ಪ್ರಶ್ನಾವಳಿಯಲ್ಲಿ ‘ಮನೆಯೊಳಗೆ ಸೇದಲು ಬಿಡದಿರುವುದು’ ಕಿರಿಕಿರಿಯ ಪಟ್ಟಿಯಲ್ಲಿದೆ, ಛಲವಿಲ್ಲವೆಂದು ಹಂಗಿಸುವುದರ ಪಕ್ಕದಲ್ಲೇ. ಕೇರಳದಲ್ಲಿ ಫಲ ಕೊಟ್ಟದ್ದೂ ಅದೇ ನಿರ್ಬಂಧ. ಒಬ್ಬಳು ಹೆಂಡತಿ ಹಾಕಿದರೆ ಅದು ಕಿರುಕುಳ, ಊರು ಹಾಕಿಕೊಂಡರೆ ಅದು ಕಟ್ಟುಪಾಡು. ಮನೆಯೊಳಗೆ ಸೇದದಿರುವುದು ಬಿಟ್ಟಂತಲ್ಲವಲ್ಲ ಎಂದು ಕೇಳಬಹುದು. ಅಲ್ಲ, ನಿಜ. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳ ಸೇದುವವರನ್ನು ಹಿಂಬಾಲಿಸಿದ ರಾನ್ ಬೋರ್ಲಂಡ್ ಮೊದಲಾದವರ 2006ರ ಅಧ್ಯಯನದಲ್ಲಿ ಮನೆಯೊಳಗೆ ಪೂರ್ತಿ ನಿಷೇಧ ಇದ್ದವರು ಬಿಡಲು ಹೆಚ್ಚು ಯತ್ನಿಸಿದರು, ಯತ್ನಿಸಿದವರು ಹೆಚ್ಚು ಗೆದ್ದರು. ಪರಸಿಕಲ್ಲು ಹಾಸಿದ, ಒಂದೆರಡು ಬೆಳಕಿಂಡಿಯ ನಮ್ಮ ಮಾಳಿಗೆ ಮನೆಗಳಲ್ಲಿ ಹೊಗೆ ಹೊರಹೋಗಲು ದಾರಿಯೇ ಕಡಿಮೆ. ಆತ ಬಿಡುವ ಮೊದಲೇ ಮಕ್ಕಳಿಗಾಗುವ ಲಾಭವೂ ಸಣ್ಣದಲ್ಲ.

ಉತ್ತರ ಕರ್ನಾಟಕಕ್ಕೆ ಈ ವಿಚಾರ ಹೊರಗಿನಿಂದ ಬರಬೇಕಾಗಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಾಸು ಕಾಳಿನ ಬದಲು ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಬೀಡಿ ಕಟ್ಟು ಹಾಕಿದವನು ಮಾತು ಕೊಟ್ಟದ್ದು ಹೆಂಡತಿಗಲ್ಲ, ಸ್ವಾಮಿಗಳಿಗೆ ಮತ್ತು ನೆರೆದ ಮಂದಿಗೆ. ಮರುದಿನ ಅವನನ್ನು ಕಾಯುವ ಹೊಣೆ ಆಕೆಯೊಬ್ಬಳದೇ ಆಗಿರುವುದಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಕುಡಿತ ಬಿಟ್ಟವರಿಗಾಗಿ ಕಟ್ಟಿದ ನವಜೀವನ ಸಮಿತಿಗಳ ಹಿಂದಿರುವುದೂ ಇದೇ ವಿವೇಕ: ಶಿಬಿರ ಮುಗಿಸಿದವರು ಒಟ್ಟಿಗೆ ಸೇರುತ್ತಲೇ ಇರಬೇಕು. ಜೋಳಿಗೆಯ ಫಲವನ್ನು ಕಾಕ್ರೇನ್ ಮಾದರಿಯಲ್ಲಿ ಅಳೆಯಲು ಹೊರಡುವವರು ಬಂದರೆ ಒಳ್ಳೆಯದೇ. ಮಠದ ಮುಂದೆ ಕೊಟ್ಟ ಮಾತು ಜಾತ್ರೆಯವರೆಗೆ ಮಾತ್ರ ಎಂದು ನಗುವವರೂ ಇದ್ದಾರೆ. ಮಾತು ಮುರಿದವರು ಇದ್ದೇ ಇರುತ್ತಾರೆ, ದವಾಖಾನೆಯ ಔಷಧಿಗೂ ಆ ಗತಿ ತಪ್ಪಿದ್ದಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರ ಪರವಾಗಿ ಬರುತ್ತದೆ. ಕೂಲಿ, ನೀರು, ಅಡಿಗೆ, ಮಕ್ಕಳು ಎಲ್ಲವನ್ನೂ ಹೊತ್ತವಳ ತಲೆಯ ಮೇಲೆ ಗಂಡನ ಚಟದ ಜವಾಬ್ದಾರಿಯನ್ನೂ ಏಕೆ ಇಡಬೇಕು, ಅವನು ಮತ್ತೆ ಸೇದಿದರೆ ಆಕೆಯೇ ಸೋತಂತೆ ಏಕೆ ಕಾಣಬೇಕು, ಕಟ್ಟು ಅಡಗಿಸಿಟ್ಟದ್ದಕ್ಕೆ ಪೆಟ್ಟು ಬಿದ್ದರೆ ಹೊಣೆ ಯಾರು ಎಂಬ ಪ್ರಶ್ನೆಗಳು ನ್ಯಾಯವಾದವು. ನನ್ನ ಮಟ್ಟಿಗೆ, ಕಾವಲುಗಾರ್ತಿಯ ಪಾತ್ರವನ್ನು ಕೈಬಿಡಲು ಕಾಕ್ರೇನ್ ಅಂಕಿಗಿಂತ ಇದೇ ದೊಡ್ಡ ಕಾರಣ. ಆದರೆ ಆಕೆಯನ್ನು ಪೂರ್ತಿ ಹೊರಗಿಡುವುದೂ ನ್ಯಾಯವಲ್ಲ, ಏಕೆಂದರೆ ಆಕೆಯ ಬಾಯಲ್ಲೂ ತಂಬಾಕು ಇರಬಹುದು. 2016–17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವ ಅಥವಾ ಹಲ್ಲಿಗೆ ಹಚ್ಚುವ ತಂಬಾಕಿನವರು ಶೇ 16.3. ದೇಶದ ಲೆಕ್ಕದಲ್ಲಿ ಸೇದುವ ಹೆಂಗಸರು ಶೇ 2 ಮಾತ್ರ, ಹೊಗೆಯಿಲ್ಲದ ತಂಬಾಕಿನ ಹೆಂಗಸರು ಶೇ 12.8. ಎಲೆ ಅಡಿಕೆಯ ಜೊತೆಗಿನ ತಂಬಾಕು, ಗಡಿಯಾಚೆಯ ಸೊಲ್ಲಾಪುರದ ಕಡೆ ಹಲ್ಲಿಗೆ ತಿಕ್ಕುವ ಮಿಶ್ರಿ, ಇವನ್ನು ಮನೆಯಲ್ಲಿ ಚಟವೆಂದು ಕರೆಯುವುದೇ ಅಪರೂಪ. ಇಂಗ್ಲೆಂಡಿನ ಅಂಕಿಯನ್ನು ನಮ್ಮ ಊರಿಗೆ ತಂದು ಓದಬೇಕಾದದ್ದು ಇಲ್ಲಿ. ‘ಜೊತೆಗೇ ಬಿಡುವುದು’ ಎಂದರೆ ಇಲ್ಲಿ ಗಂಡನ ಬೀಡಿ, ಹೆಂಡತಿಯ ತಂಬಾಕು ಎರಡೂ ಒಂದೇ ದಿನ ನಿಲ್ಲುವುದು. ಎರಡರ ಒಳಗಿರುವುದೂ ನಿಕೋಟಿನ್ನೇ, ಇಬ್ಬರ ಸಿಡುಕಿಗೂ ಅದೇ ವಾರಗಳು. ಹಾಗೆ ಹೊರಟಾಗ ಆಕೆ ನ್ಯಾಯ ಹೇಳುವವಳಾಗಿ ಉಳಿಯುವುದಿಲ್ಲ, ಆತನೂ ಆಕೆಗೆ ನೆರವು ಕೊಡಬೇಕಾಗುತ್ತದೆ. ಜೋಡಿಯಾಗಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಊರ ಘೋಷಣೆ ಜೊತೆಗೆ ಬರುವುದಿಲ್ಲ, ಇಬ್ಬರ ಒಪ್ಪಂದ ಬರುತ್ತದೆ.

ಸರ್ಕಾರದ ವ್ಯವಸ್ಥೆ ಮಾತ್ರ ಇನ್ನೂ ಒಂಟಿ ವ್ಯಕ್ತಿಯನ್ನೇ ನೋಡುತ್ತಿದೆ. 2002ರಲ್ಲಿ ದೇಶದ ಹದಿಮೂರು ಕಡೆ ತಂಬಾಕು ಬಿಡಿಸುವ ಕ್ಲಿನಿಕ್‌ಗಳು ಶುರುವಾದವು, ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. 2016ರಲ್ಲಿ ದೆಹಲಿಯಿಂದ ಆರಂಭವಾದ 1800-11-2356 ಉಚಿತ ದೂರವಾಣಿ ಸೇವೆಗೆ 2018ರಲ್ಲಿ ನಿಮ್ಹಾನ್ಸ್ ಸೇರಿ ಕನ್ನಡದಲ್ಲೂ ಸಲಹೆ ಸಿಗುವಂತಾಯಿತು. ಕರೆ ಮಾಡಿದವನಿಗೆ ಸಲಹೆ ಸಿಗುತ್ತದೆ, ಸರಿಯೇ. ಸೇದುವವರಲ್ಲಿ ಶೇ 55.4 ಮಂದಿ ಬಿಡುವ ಯೋಚನೆಯಲ್ಲಿದ್ದಾರೆ ಎಂದು ಅದೇ 2016–17ರ ಸಮೀಕ್ಷೆ ಹೇಳುವಾಗ, ಆ ಯೋಚನೆ ಮನೆಯಲ್ಲಿ ಯಾರ ಎದುರಿಗೆ ಬಾಯಿ ಬಿಡುತ್ತದೆ ಎಂಬುದನ್ನು ಕೇಳುವವರು ಬೇಕು. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ತುಂಬುವ ಅಸಾಂಕ್ರಾಮಿಕ ರೋಗಗಳ ನಮೂನೆಯಲ್ಲಿ ತಂಬಾಕಿನ ಪ್ರಶ್ನೆ ಇದೆ, ಸೇದುವುದಕ್ಕೂ ಜಗಿಯುವುದಕ್ಕೂ ಸೇರಿಸಿ ಅಂಕವಿದೆ. ಸೌದೆ ಒಲೆಯೋ ಗ್ಯಾಸೋ ಎಂದೂ ಅದು ಕೇಳುತ್ತದೆ. ಒಳಗೆ ಯಾರಾದರೂ ಸೇದುತ್ತಾರೆಯೇ ಎಂದು ಕೇಳುವುದಿಲ್ಲ, ಗಂಡನ ಹಾಳೆಯನ್ನೂ ಹೆಂಡತಿಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಸೂಚಿಸುವುದೂ ಇಲ್ಲ. ಸೊಲ್ಲಾಪುರದ ಕಡೆಯ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿ ಒಂದು ಕೋಯತಾ, ಅಂದರೆ ಒಂದು ಕುಡುಗೋಲು, ಎಂದು ಮುಂಗಡ ಎಣಿಸುವ ಕೂಲಿ ಗುತ್ತಿಗೆದಾರ ಮುಕಾದಮನಿಗೆ ಹೊಳೆದ ಲೆಕ್ಕ ಆರೋಗ್ಯ ಇಲಾಖೆಗೆ ಹೊಳೆಯಲು ಒಂದು ಹೊಸ ಪ್ರಶ್ನೆಯ ಸಾಲು ಸಾಕು. ಆ ಸಾಲು ಬಂದರೆ ಜೋಡಿಯಾಗಿ ಬಿಡುವ ಪ್ರಯೋಗವನ್ನು ಅತನೂರದಂಥ ಹೋಬಳಿಯಲ್ಲೇ ಮಾಡಿ ನೋಡಬಹುದು, ಬೀಡಿ ಮತ್ತು ತಂಬಾಕನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿದು.