ಸಂಕೋಚ ಸ್ವಭಾವದ ಸಿಹಿನೀರಿನ ಅಲಂಕಾರಿಕ ಮೀನುಗಳಿಗೆ ಸೂಕ್ತ ಬೆಳಕಿನ ವ್ಯವಸ್ಥೆ

(ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಖರೀದಿಸಿ ತಂದ ಅಲಂಕಾರಿಕ ಮೀನುಗಳು ಕಲ್ಲಿನ ಸಂದಿಯಲ್ಲಿ ಅಡಗಿ, ಆಹಾರ ಸ್ವೀಕರಿಸದೆ ಕೆಲವೇ ವಾರಗಳಲ್ಲಿ ಸಾಯುವುದು ಮೀನುತೊಟ್ಟಿ ಇಟ್ಟಿರುವ ಅನೇಕರ ಅನುಭವವಾಗಿರುತ್ತದೆ. ಮೀನು ಕಾಣುತ್ತಿಲ್ಲವೆಂದು ಇನ್ನಷ್ಟು ಪ್ರಖರವಾದ ದೀಪ ಅಳವಡಿಸುವುದು ರೂಢಿಯಲ್ಲಿದ್ದು, ಇದರಿಂದ ಮೀನುಗಳು ಮತ್ತಷ್ಟು ಬೆದರುತ್ತವೆ. ನೀರಿನ ಗುಣಮಟ್ಟವನ್ನು ಮೊದಲು ಪರೀಕ್ಷಿಸಿ, ಅದು ಸರಿಯಿದ್ದಲ್ಲಿ ಬೆಳಕನ್ನು ಹೆಚ್ಚಿಸುವ ಬದಲು ತಗ್ಗಿಸಿ ನೋಡುವುದು ಸೂಕ್ತ.

ನಿಯಾನ್ ಟೆಟ್ರಾ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದಲ್ಲಿ, ಮರಗಳ ನೆರಳಿನ ಕಂದುಬಣ್ಣದ ನೀರಿನಲ್ಲಿ ವಾಸಿಸುವಂತಹದು. ನಮ್ಮಲ್ಲಿಯೇ ದೊರೆಯುವ ಗಿರ್ಲು ಜಾತಿಯ ಮೀಸೆಮೀನುಗಳು ಹಾಗೂ ಮರಳಿನಲ್ಲಿ ಹುದುಗುವ ಲೋಚ್‌ಗಳು ಮುಖ್ಯವಾಗಿ ಕತ್ತಲಾದ ನಂತರ ಆಹಾರ ಹುಡುಕುತ್ತವೆ. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಶಿಂಷಾ ನದಿಯನ್ನಾಗಲಿ, ಕಡಬ ಕೆರೆಯನ್ನಾಗಲಿ ನೋಡಿದವರಿಗೆ ಇಂತಹ ನೀರಿನ ತಳದಲ್ಲಿ ಎಷ್ಟು ಬೆಳಕಿರಬಹುದೆಂಬುದು ತಿಳಿದೇ ಇರುತ್ತದೆ.

ಸಾಮಾನ್ಯ ಮೀನುಗಳಿಗೆ ಕಣ್ಣಿನ ರೆಪ್ಪೆ ಇರುವುದಿಲ್ಲ. ಬಹುತೇಕ ಮೀನುಗಳ ಕಣ್ಣಿನ ಪಾಪೆಯು ಮನುಷ್ಯರಲ್ಲಿರುವಂತೆ ಬೆಳಕಿಗೆ ಅನುಗುಣವಾಗಿ ಕಿರಿದಾಗುವುದೂ ಇಲ್ಲ. ಅಕ್ಷಿಪಟಲದೊಳಗಿನ ಕಣಗಳು ನಿಧಾನವಾಗಿ ಸ್ಥಾನ ಬದಲಿಸುವ ಮೂಲಕ ಕಣ್ಣು ಬೆಳಕಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಸಮಯ ಬೇಕಾಗುತ್ತದೆ. ಆದುದರಿಂದ ಕತ್ತಲೆಯಲ್ಲಿದ್ದ ತೊಟ್ಟಿಯ ದೀಪವನ್ನು ಒಮ್ಮೆಲೇ ಹಾಕಿದಾಗ ಮೀನುಗಳು ಗಾಜಿಗೆ ಅಪ್ಪಳಿಸಿ ಗಾಯಗೊಳ್ಳುತ್ತವೆ, ಕೆಲವು ತೊಟ್ಟಿಯಿಂದ ಹೊರಕ್ಕೆ ನೆಗೆಯುತ್ತವೆ. ಮೊದಲು ಕೊಠಡಿಯ ದೀಪ ಹಾಕಿ, ಅರ್ಧ ಗಂಟೆಯ ನಂತರ ತೊಟ್ಟಿಯ ದೀಪ ಹಾಕತಕ್ಕದ್ದು. ಆರಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸತಕ್ಕದ್ದು.

ಗ್ರಾಮಾಂತರ ಪ್ರದೇಶದವರು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ರಾತ್ರಿ ವಿದ್ಯುತ್ ಹೋಗಿ ಮರಳಿ ಬಂದಾಗ ಸ್ವಿಚ್ ಹಾಕಿಯೇ ಇದ್ದಲ್ಲಿ ದೀಪವು ಥಟ್ಟನೆ ಬೆಳಗುತ್ತದೆ. ವಿದ್ಯುತ್ ಹೋದ ಕೂಡಲೇ ಸ್ವಿಚ್ ಆರಿಸುವುದೇ ಸುಲಭದ ಪರಿಹಾರ. ತಿರುಗುವ ಮುಳ್ಳಿನ ಟೈಮರ್ ವಿದ್ಯುತ್ ಇಲ್ಲದಿರುವಾಗ ನಿಂತುಹೋಗಿ ವೇಳೆಯಲ್ಲಿ ಹಿಂದೆ ಬೀಳುವುದರಿಂದ, ಬ್ಯಾಟರಿಯುಳ್ಳ ಡಿಜಿಟಲ್ ಟೈಮರ್ ಮೇಲು.

ದೀಪವನ್ನು ಕೊಳ್ಳುವಾಗ ವ್ಯಾಟ್‌ಗಿಂತ ಪೊಟ್ಟಣದ ಮೇಲಿನ ಲುಮೆನ್ ಸಂಖ್ಯೆಯನ್ನು ಪರಿಶೀಲಿಸುವುದು ಒಳಿತು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರಿರುತ್ತದೆ. ಲೀಟರಿಗೆ 10 ಲುಮೆನ್‌ನಂತೆ 500 ಲುಮೆನ್, ಅಂದರೆ 6 ವ್ಯಾಟ್‌ನ ಒಂದು ಎಲ್.ಇ.ಡಿ. ದೀಪ ಸಾಕಾಗುತ್ತದೆ. ದಿನಕ್ಕೆ 8 ಗಂಟೆ ಉರಿಸಿದರೂ ತಿಂಗಳಿಗೆ ಸುಮಾರು ಒಂದೂವರೆ ಯೂನಿಟ್ ಮಾತ್ರ ಖರ್ಚಾಗುತ್ತದೆ. ಹಳೆಯ 40 ವ್ಯಾಟ್ ಟ್ಯೂಬ್‌ಲೈಟಿಗೆ ಇದೇ ಅವಧಿಗೆ ಒಂಬತ್ತೂವರೆ ಯೂನಿಟ್‌ಗೂ ಮಿಕ್ಕಿ ಬೇಕಾಗುತ್ತದೆ.

ಈಗಾಗಲೇ ಪ್ರಖರ ದೀಪವಿದ್ದಲ್ಲಿ ಅದನ್ನು ಎಸೆಯಬೇಕಾಗಿಲ್ಲ. ದೀಪವನ್ನು ಮೇಲಕ್ಕೆತ್ತಿ ಕಟ್ಟುವುದು, ನೀರಿನ ಅರ್ಧಭಾಗವನ್ನು ತೇಲುವ ಸಸ್ಯಗಳಿಂದ ಮುಚ್ಚುವುದು, ಹಿಂಬದಿಯ ಗಾಜಿಗೆ ಕಪ್ಪು ಕಾಗದ ಅಂಟಿಸುವುದು, ಇವುಗಳಿಂದಲೇ ಸಾಕಷ್ಟು ವ್ಯತ್ಯಾಸ ಕಂಡುಬರುತ್ತದೆ. ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿದ ಎಲೆಗಳನ್ನು ತೊಳೆದು ಒಂದೆರಡು ಹಾಕಿದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ ಬೆಳಕು ತಗ್ಗುತ್ತದೆ. ಅಂಗಡಿಯಲ್ಲಿ ಹಣ ಕೊಟ್ಟು ತರುವ ಎಲೆಯೂ ಇದೇ. ರಾತ್ರಿಯಿಡೀ ಕೆಂಪು ಅಥವಾ ನೀಲಿ ದೀಪ ಉರಿಸುವುದು ಬೇಡ. ಅನೇಕ ಸಿಹಿನೀರಿನ ಮೀನುಗಳಿಗೆ ಕೆಂಪು ಬೆಳಕೂ ಕಾಣುತ್ತದೆ. ದೀಪದ ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಜೋತು ನಂತರ ಮೇಲೇರುವಂತಿದ್ದಲ್ಲಿ ನೀರಿನ ಹನಿ ಪ್ಲಗ್ಗಿಗೆ ತಲುಪುವುದಿಲ್ಲ.

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಳ್ಳುವವರಿಗೆ 2020ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಹಿತ್ತಲ ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿದ್ದು, ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ. 60ರ ಸಹಾಯಧನವಿತ್ತು. ಹಣ ಹೂಡುವ ಮುನ್ನ ಆಯಾ ಸಾಲಿನಲ್ಲಿ ಅರ್ಜಿ ಕರೆಯಲಾಗಿದೆಯೇ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಗಾಜು ಶುಚಿಗೊಳಿಸುತ್ತದೆಂದು ಮಾರಾಟವಾಗುವ ಸಕ್ಕರ್ ಮೀನೂ ಬೆಳಕಿಗೆ ಅಂಜುವ ಜಾತಿಯದೇ. ಎರಡು ಅಂಗುಲವಿದ್ದಾಗ ತಂದದ್ದು ಒಂದು ಅಡಿಗೂ ಮೀರಿ ಬೆಳೆದಾಗ ಕೆರೆಗೆ ಬಿಡುವವರಿದ್ದಾರೆ. ಇದು ಕೆರೆಯಲ್ಲಿ ಸಂತಾನ ಬೆಳೆಸಿ, ಮುಳ್ಳಿನ ರೆಕ್ಕೆಗಳಿಂದ ಬಲೆಗಳನ್ನು ಹರಿದು ಮೀನುಗಾರರಿಗೆ ನಷ್ಟವುಂಟುಮಾಡುತ್ತದೆ. ತುಮಕೂರಿನ ಅಮಾನಿಕೆರೆ, ಕುಣಿಗಲ್ ದೊಡ್ಡಕೆರೆ ಸೇರಿದಂತೆ ಯಾವುದೇ ಜಲಮೂಲಕ್ಕೆ ತೊಟ್ಟಿಯ ಮೀನನ್ನಾಗಲಿ, ಸಸ್ಯವನ್ನಾಗಲಿ ಬಿಡಬಾರದು. ಬೇಡವಾದ ಮೀನನ್ನು ಮಾರಾಟಗಾರರಿಗೆ ಹಿಂದಿರುಗಿಸುವುದು ಅಥವಾ ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗಳಿಗೆ ನೀಡುವುದು.